ಜೂಬಾ: ಮೈಯೇ ಮದ್ದಳೆ

ಅಮೆರಿಕದ ಕಪ್ಪು ಸಂಗೀತ ಸಂಯೋಜಕಿ ಫ್ಲಾರೆನ್ಸ್ ಪ್ರೈಸ್ ರಚಿಸಿದ ಮೊದಲ ಸಿಂಫನಿಯ (ದೊಡ್ಡ ವಾದ್ಯಮೇಳಕ್ಕೆ ಬರೆದ, ಹಲವು ಭಾಗಗಳ ಕೃತಿ) ಮೂರನೆಯ ಭಾಗದ ಹೆಸರು 'ಜೂಬಾ ಡಾನ್ಸ್'. 'ಗುಲಾಮರ ಜನಪದ ಕುಣಿತ' ಎಂದು ಒಂದೇ ಸಾಲಿನಲ್ಲಿ ಇದರ ಪರಿಚಯ ಮುಗಿಸುವವರೇ ಹೆಚ್ಚು. ಅಷ್ಟಕ್ಕೇ ಬಿಟ್ಟರೆ ಪ್ರೈಸ್ ಮಾಡಿದ ಕೆಲಸದ ಗಟ್ಟಿತನ ಕಾಣುವುದಿಲ್ಲ.

ಅಮೆರಿಕದ ದಕ್ಷಿಣ ರಾಜ್ಯಗಳ ಹತ್ತಿ, ಕಬ್ಬಿನ ತೋಟಗಳಲ್ಲಿ ಗುಲಾಮರಾಗಿ ದುಡಿಯುತ್ತಿದ್ದ ಆಫ್ರಿಕನ್ ಮೂಲದವರು ಕುಣಿಯುತ್ತಿದ್ದ ಕುಣಿತಕ್ಕೂ, ಅದಕ್ಕೆ ಹಾಡುತ್ತಿದ್ದ ಹಾಡಿಗೂ, ಮೈಮೇಲೆಯೇ ಬಾರಿಸುತ್ತಿದ್ದ ತಾಳಕ್ಕೂ ಜೂಬಾ ಎಂದೇ ಹೆಸರು. (ದಕ್ಷಿಣ ಸುಡಾನಿನ ರಾಜಧಾನಿಯೂ ಜೂಬಾ, ಅದು ಇಲ್ಲಿಯ ಮಾತಲ್ಲ.) ಈ ತಾಳವನ್ನು ಹತ್ತಿರದಿಂದ ಕಂಡು ಬರೆದವನು ಸಾಲೊಮನ್ ನಾರ್ತಪ್. ನ್ಯೂಯಾರ್ಕ್ ರಾಜ್ಯದ ಸ್ವತಂತ್ರ ಕಪ್ಪು ಮನುಷ್ಯ, ಒಳ್ಳೆಯ ಪಿಟೀಲುವಾದಕ. 1841ರಲ್ಲಿ ಅವನನ್ನು ಅಪಹರಿಸಿ ಗುಲಾಮನಾಗಿ ಮಾರಿದರು. ಲೂಸಿಯಾನಾದ ತೋಟಗಳಲ್ಲಿ ವರ್ಷಗಟ್ಟಲೆ ದುಡಿದು ಬಿಡುಗಡೆಯಾದ ಮೇಲೆ, 1853ರಲ್ಲಿ ತನ್ನ ಕಥೆಯನ್ನು ಪ್ರಕಟಿಸಿದ. ಕ್ರಿಸ್‌ಮಸ್ ಕುಣಿತದಲ್ಲಿ ಪಿಟೀಲು ಸುಮ್ಮನಾದರೂ ಜನ ಸುಮ್ಮನಾಗುತ್ತಿರಲಿಲ್ಲ ಎಂದು ಅವನು ಹೇಳುತ್ತಾನೆ. ಮಂಡಿಗೆ ಕೈಯ ಏಟು, ನಂತರ ಚಪ್ಪಾಳೆ, ಆಮೇಲೆ ಒಂದು ಕೈ ಬಲ ಭುಜಕ್ಕೆ, ಇನ್ನೊಂದು ಎಡ ಭುಜಕ್ಕೆ. ಇದೆಲ್ಲ ನಡೆಯುವಾಗ ಪಾದದ ಲಯ ತಪ್ಪಬಾರದು, ಬಾಯಿಯ ಹಾಡು ನಿಲ್ಲಬಾರದು. ಕುಳಿತಲ್ಲೇ ಮಾಡಿ ನೋಡಿ. ಪಾದ ಕೈಯ ಹಿಂದೆ ಓಡಲು ಶುರುಮಾಡುತ್ತದೆ.

ಕಷ್ಟ ಇರುವುದೇ ಅಲ್ಲಿ. ಪಾದ ಸಮನಾದ ನಡೆಯನ್ನು ಹಿಡಿದಿರುತ್ತದೆ; ಕೈ ಮತ್ತು ಹಾಡು ಆ ನಡೆಯ ಪೆಟ್ಟುಗಳ ನಡುವಿನ ತೆರಪಿನಲ್ಲಿ ಒತ್ತು ಹಾಕುತ್ತವೆ. ಪಾಶ್ಚಾತ್ಯ ಸಂಗೀತದವರು ಇದನ್ನು ಸಿಂಕೊಪೇಶನ್ ಎನ್ನುತ್ತಾರೆ. ಕರ್ನಾಟಕ ಸಂಗೀತದಲ್ಲಿ ತಾಳ ಶುರುವಾದ ಮೇಲೆ ಹಾಡು ಎತ್ತಿಕೊಳ್ಳುವ, ಅಂದರೆ ಅನಾಗತ ಎಡುಪಿನ, ಕೃತಿಗಳನ್ನು ಕೇಳಿ ಬಲ್ಲವರಿಗೆ ಈ ತುಯ್ತದ ಸುಖ ಹೊಸತಲ್ಲ.

ಮೈಯನ್ನೇ ಏಕೆ ಬಾರಿಸಬೇಕಾಯಿತು? 1739ರ ಸೆಪ್ಟೆಂಬರಿನಲ್ಲಿ ದಕ್ಷಿಣ ಕೆರೊಲಿನಾದ ಸ್ಟೋನೊ ನದಿಯ ಬಳಿ ಗುಲಾಮರು ದಂಗೆ ಎದ್ದು, ಡೋಲು ಬಾರಿಸುತ್ತಾ ದಕ್ಷಿಣದತ್ತ ನಡೆದರು. ಡೋಲಿನ ದನಿಗೆ ದಾರಿಯುದ್ದಕ್ಕೂ ಇನ್ನಷ್ಟು ಜನ ಸೇರಿಕೊಂಡರು. ದಂಗೆ ಅಡಗಿದ ಮೇಲೆ, 1740ರ ಕಾನೂನು ಗುಲಾಮರು ಡೋಲು, ಕೊಂಬು ಇಟ್ಟುಕೊಳ್ಳುವುದನ್ನು ನಿಷೇಧಿಸಿತು. ಅವರಿಗೆ ಬರೆಯಲು ಕಲಿಸುವುದನ್ನೂ. ಅಕ್ಷರದಷ್ಟೇ ಡೋಲಿಗೂ ಒಡೆಯರು ಹೆದರಿದ್ದರು. ಆದರೆ ಜೂಬಾ ಹುಟ್ಟಿದ್ದೇ ಈ ನಿಷೇಧದಿಂದ ಎಂದು ಬರೆಯುವವರನ್ನು ನಾನು ಪೂರ್ತಿ ನಂಬುವುದಿಲ್ಲ. ಚಪ್ಪಾಳೆ, ಮೈತಾಳಗಳು ಆಫ್ರಿಕಾದಲ್ಲೂ ಇದ್ದವು. ಇದೇ ಹೆಸರಿನ ಕುಣಿತ ಹೈಟಿಯಲ್ಲಿ ಡೋಲಿನ ಜೊತೆಗೇ ಉಳಿದಿದೆ: ಅಲ್ಲಿ ವಾದಕ ಡೋಲನ್ನು ನೆಲಕ್ಕೆ ಅಡ್ಡ ಮಲಗಿಸಿ, ಅದರ ಮೇಲೆ ಕುಳಿತು, ಹಿಮ್ಮಡಿಯಿಂದ ಚರ್ಮವನ್ನು ಒತ್ತಿ ಸ್ವರ ಬದಲಿಸುತ್ತಾನೆ. ನಮ್ಮ ಉತ್ತರ ಕನ್ನಡದ ಸಿದ್ದಿಯರೂ ಆಫ್ರಿಕನ್ ಮೂಲದವರೇ; ಅವರ ಡಮಾಮಿ ಕುಣಿತಕ್ಕೆ ಇಂದಿಗೂ ಚರ್ಮವಾದ್ಯವೇ ಜೀವ. ನಿಷೇಧ ಜೂಬಾವನ್ನು ಹುಟ್ಟಿಸಲಿಲ್ಲ, ಮೈಯ ಮೇಲಿನ ಭಾರವನ್ನು ಹೆಚ್ಚಿಸಿತು ಎನ್ನುವುದು ಸರಿ.

ನಂತರ ಜೂಬಾ ಪೇಟೆಯ ರಂಗಕ್ಕೆ ಬಂತು. 1840ರ ದಶಕದಲ್ಲಿ ವಿಲಿಯಂ ಹೆನ್ರಿ ಲೇನ್ ಎಂಬ ಕಪ್ಪು ನರ್ತಕ 'ಮಾಸ್ಟರ್ ಜೂಬಾ' ಎಂದೇ ನ್ಯೂಯಾರ್ಕ್, ಲಂಡನ್‌ಗಳಲ್ಲಿ ಹೆಸರಾದ. ಮುಖಕ್ಕೆ ಮಸಿ ಬಳಿದುಕೊಂಡ ಬಿಳಿಯರೂ ಅದೇ ಕುಣಿತವನ್ನು ಅಣಕವಾಡಿ ಕಾಸು ಮಾಡಿಕೊಂಡರು. ಆ ಭಾಗ ಓದಲೂ ಬೇಸರ.

ಇನ್ನು ಪ್ರೈಸ್. ಹುಟ್ಟಿದ್ದು 1887ರಲ್ಲಿ, ಅರ್ಕನ್ಸಾ ರಾಜ್ಯದ ಲಿಟಲ್ ರಾಕ್‌ನಲ್ಲಿ. ಓದಿದ್ದು ಬಾಸ್ಟನ್ನಿನ ನ್ಯೂ ಇಂಗ್ಲೆಂಡ್ ಕನ್ಸರ್ವೇಟರಿ ಎಂಬ ಸಂಗೀತ ಶಾಲೆಯಲ್ಲಿ. ಕಪ್ಪು ಸಂಯೋಜಕರಿಗಾಗಿ ನಡೆದ 1932ರ ವಾನಮೇಕರ್ ಸ್ಪರ್ಧೆಯಲ್ಲಿ ಅವರ ಇದೇ ಮೊದಲ ಸಿಂಫನಿಗೆ ಮೊದಲ ಬಹುಮಾನ ಬಂತು. 1933ರ ಜೂನ್ 15ರಂದು ಫ್ರೆಡರಿಕ್ ಸ್ಟಾಕ್ ನಿರ್ದೇಶನದಲ್ಲಿ ಶಿಕಾಗೊ ಸಿಂಫನಿ ಆರ್ಕೆಸ್ಟ್ರಾ ಅದನ್ನು ನುಡಿಸಿತು. ಅಮೆರಿಕದ ದೊಡ್ಡ ಆರ್ಕೆಸ್ಟ್ರಾವೊಂದು ಕಪ್ಪು ಮಹಿಳೆಯ ಸಿಂಫನಿಯನ್ನು ನುಡಿಸಿದ್ದು ಅದೇ ಮೊದಲು.

ನಾಲ್ಕು ಭಾಗಗಳ ಸಿಂಫನಿಯಲ್ಲಿ ಮೂರನೆಯದು ಬಹುಕಾಲ ಮಿನುಎಟ್‌ಗೆ ಮೀಸಲಾಗಿದ್ದ ಜಾಗ. ಮಿನುಎಟ್ ಎಂದರೆ ಯುರೋಪಿನ ಅರಮನೆಗಳಲ್ಲಿ ಸಿರಿವಂತರು ನಾಜೂಕಾಗಿ ಹೆಜ್ಜೆ ಹಾಕುತ್ತಿದ್ದ ಕುಣಿತ. ಬೀಥೋವನ್ ಅಲ್ಲಿಗೆ ಚುರುಕಿನ ಸ್ಕೆರ್ಟ್ಸೊವನ್ನು ತಂದ. ಚೆಕ್ ಸಂಯೋಜಕ ದ್ವೋರ್ಜಾಕ್ ತನ್ನ ಆರನೆಯ ಸಿಂಫನಿಯಲ್ಲಿ ತನ್ನ ನಾಡಿನ ರೈತರ ಫುರಿಯಾಂಟ್ ಕುಣಿತವನ್ನು ತಂದ. ಪ್ರೈಸ್ ಆ ಜಾಗಕ್ಕೆ ತೋಟದ ಗುಲಾಮರ ಜೂಬಾವನ್ನು ತಂದರು. ಕೃತಿಗೆ ಬಣ್ಣ ಕಟ್ಟಲು ತುರುಕಿದ ಜನಪದ ತುಣುಕು ಅದಲ್ಲ. ಅರಮನೆಯ ಕುಣಿತದ ಆಸನದಲ್ಲೇ ಅದನ್ನು ಕೂರಿಸಿದ್ದಾರೆ. ಕೇಳುವಾಗ ತಗ್ಗು ಸ್ವರದ ತಂತಿವಾದ್ಯಗಳ ಮೇಲೆ ಕಿವಿಯಿಡಿ: ಅವು ಪಾದದ ಹಾಗೆ ಬಿಡದೆ ನಡೆಯುತ್ತಿರುತ್ತವೆ. ಮೇಲೆ ಪಿಟೀಲುಗಳ ರಾಗ ಒತ್ತನ್ನು ಪಕ್ಕಕ್ಕೆ ಸರಿಸುತ್ತಾ ಚೇಷ್ಟೆ ಮಾಡುತ್ತಿರುತ್ತದೆ. ಮೈಯ ತಾಳ ವಾದ್ಯಗಳಿಗೆ ಹಂಚಿಹೋಗಿದೆ. ಈ ಸಿಂಫನಿಯ ವಾದ್ಯಪಟ್ಟಿಯಲ್ಲಿ ಆಫ್ರಿಕನ್ ಡೋಲುಗಳಿಗೂ ಸ್ಥಳವಿದೆ.

ಪ್ರೈಸ್‌ಗಿಂತ ಮೊದಲೇ, 1913ರಲ್ಲಿ, ನಥಾನಿಯೆಲ್ ಡೆಟ್ ಎಂಬ ಕಪ್ಪು ಸಂಯೋಜಕ ಪಿಯಾನೊಗೆ ಒಂದು ಜೂಬಾ ಬರೆದಿದ್ದರು. ಅದೂ ಸೊಗಸಾಗಿದೆ, ಆದರೆ ಪ್ರೈಸ್‌ಗೆ ಇದು ಒಮ್ಮೆ ಮಾಡಿ ಬಿಡುವ ಪ್ರಯೋಗವಾಗಿರಲಿಲ್ಲ. ಮೂರನೆಯ, ನಾಲ್ಕನೆಯ ಸಿಂಫನಿಗಳಲ್ಲೂ ಅದೇ ಜಾಗದಲ್ಲಿ ಜೂಬಾ ಇದೆ.

1953ರಲ್ಲಿ ಅವರು ತೀರಿಕೊಂಡ ಮೇಲೆ ಜಗತ್ತು ಅವರನ್ನು ಬಹುಮಟ್ಟಿಗೆ ಮರೆತಿತ್ತು. 2009ರಲ್ಲಿ ಇಲಿನಾಯ್ ರಾಜ್ಯದ ಸೇಂಟ್ ಆನ್ ಎಂಬ ಊರಿನಲ್ಲಿ, ಅವರು ಬೇಸಿಗೆ ಕಳೆಯುತ್ತಿದ್ದ ಪಾಳುಬಿದ್ದ ಮನೆಯಲ್ಲಿ ಹಸ್ತಪ್ರತಿಗಳ ರಾಶಿ ಸಿಕ್ಕಿತು. 1945ರ ನಾಲ್ಕನೆಯ ಸಿಂಫನಿ ಅದರಲ್ಲಿತ್ತು. ಅದರ ಜೂಬಾವನ್ನು ಸಭಿಕರು ಮೊದಲ ಬಾರಿಗೆ ಕೇಳಿದ್ದು 2018ರಲ್ಲಿ, ಪ್ರೈಸ್ ಹುಟ್ಟಿದ ರಾಜ್ಯದ ಫೋರ್ಟ್ ಸ್ಮಿತ್ ಊರಿನ ಆರ್ಕೆಸ್ಟ್ರಾದಿಂದ.