18 ಇಂಚಿನ ಕಾಯಿಲ್, 18 ಸೆಂಟಿಮೀಟರ್ ಆಳ

ಮತ್ತೆ ಅದೇ ಫೋನು, ಚಿನ್ನ ಹುಡುಕೋ ಮೆಟಲ್ ಡಿಟೆಕ್ಟರಿನ ಕಾಯಿಲ್ (ಕೋಲಿನ ತುದಿಯಲ್ಲಿರೋ, ತಂತಿ ಸುತ್ತಿದ ತಟ್ಟೆ) ಬಗ್ಗೆ. "ಸರ್, 18 ಇಂಚಿನ ಕಾಯಿಲ್ ತಗೊಂಡೆ, ಮೂರು ವಾರ ಆಯ್ತು, ಚಿನ್ನ ಅನ್ನೋದು ಒಂದು ಚೂರೂ ಸಿಕ್ಕಿಲ್ಲ, ಕಾಯಿಲ್ಲೇ ಡಿಫೆಕ್ಟ್ ಇರ್ಬೇಕು, ಒಂದ್ಸಲ ಚೆಕ್ ಮಾಡ್ಕೊಡಿ." ಕಳಿಸಿ ಅಂದೆ. ಬಂತು, ಮೀಟರಿಗೆ ಹಾಕಿದೆ. ಇಂಡಕ್ಟೆನ್ಸ್ (ಕರೆಂಟು ಬದಲಾಗೋದಕ್ಕೆ ಕಾಯಿಲ್ ಒಡ್ಡೋ ತಡೆ) 300 ಮೈಕ್ರೊಹೆನ್ರಿ ಆಸುಪಾಸು, ರೆಸಿಸ್ಟೆನ್ಸ್ ಅರ್ಧ ಓಮ್ ಒಳಗೆ, ಕೇಬಲ್ ಎಷ್ಟು ಅಲ್ಲಾಡಿಸಿದ್ರೂ ರೀಡಿಂಗ್ ಕದಲಲ್ಲ. ಅವರ ಪಲ್ಸ್ ಇಂಡಕ್ಷನ್ ಮೆಷಿನ್ನಿಗೆ (ಕರೆಂಟನ್ನ ಬಿಟ್ಟು ಬಿಟ್ಟು ಹೊಡೆದು, ನಿಂತಾಗ ಚಿನ್ನದಿಂದ ವಾಪಸ್ ಬರೋದನ್ನ ಕೇಳೋ ಡಿಟೆಕ್ಟರು) ಹೇಗಿರ್ಬೇಕೋ ಹಾಗೇ ಇದೆ. ಆಮೇಲೆ ಕೇಳಿದೆ, ಆ ಜಾಗದಲ್ಲಿ ನಿಮ್ಮ ಜೊತೆಯವರಿಗೆ ಎಂಥ ಚಿನ್ನ ಸಿಗ್ತಿದೆ, ಎಷ್ಟು ಆಳದಲ್ಲಿ? "ಕಾಲು ಗ್ರಾಂ, ಅರ್ಧ ಗ್ರಾಂ ಚೂರುಗಳು ಸರ್, ಒಂದು ಗೇಣೂ ಅಗೀಬೇಕಿಲ್ಲ." ಮತ್ತೆ ದೊಡ್ಡ ಕಾಯಿಲ್ ಯಾಕೆ ತಗೊಂಡ್ರಿ? "ದೊಡ್ಡದು ಆಳಕ್ಕೆ ಹೋಗುತ್ತಲ್ಲ ಸರ್. ಆಳದ್ದನ್ನೇ ಹಿಡಿಯೋದು ಮೇಲಿರೋದನ್ನ ಬಿಡುತ್ತಾ?"

ಬಿಡುತ್ತೆ. ಇದೊಂದು ಮಾತು ಎಷ್ಟು ಜನಕ್ಕೆ ಹೇಳಿದೀನೋ ಲೆಕ್ಕ ಇಲ್ಲ, ಕೇಳ್ತಾರೆ, ತಲೆ ಆಡಿಸ್ತಾರೆ, ಹೋಗಿ ಮತ್ತೆ ದೊಡ್ಡದೇ ತಗೋತಾರೆ. ಅದಕ್ಕೇ ಇವತ್ತು ಕೂತು ಪೂರ್ತಿ ಬರೀತಿದೀನಿ.

ಜನ ಕಾಯಿಲ್ಲನ್ನ ಬಾವಿ ಹಗ್ಗದ ಥರ ಅಂದ್ಕೊಂಡಿದಾರೆ. ಹಗ್ಗ ಉದ್ದ ಇದ್ರೆ ಆಳದ ನೀರೂ ಸಿಗುತ್ತೆ, ಮೇಲಿನ ನೀರೂ ಸಿಗುತ್ತೆ, ಉದ್ದ ಇರೋದ್ರಿಂದ ನಷ್ಟ ಏನೂ ಇಲ್ಲ. ಕಾಯಿಲ್ ಹಾಗಲ್ಲ. ಮೆಷಿನ್ ಕೊಡೋ ಕರೆಂಟು ಅಷ್ಟೇ, ಅದನ್ನ ಚಿಕ್ಕ ವೃತ್ತದಲ್ಲಿ ಸುತ್ತಿದ್ರೆ ಅದರ ಕಾಂತಕ್ಷೇತ್ರ ಹತ್ತಿರದಲ್ಲಿ ದಟ್ಟವಾಗಿರುತ್ತೆ, ಅಗಲವಾಗಿ ಸುತ್ತಿದ್ರೆ ಅದೇ ಕ್ಷೇತ್ರ ಹರಡಿ ತೆಳ್ಳಗಾಗುತ್ತೆ, ಆದ್ರೆ ದೂರ ಹೋದ ಹಾಗೆ ನಿಧಾನವಾಗಿ ಇಳಿಯುತ್ತೆ. ಇನ್ನೊಂದು ವಿಷಯ ಇದೆ. ಮೆಷಿನ್ನಿಗೆ ಒಂದೇ ಇಂಡಕ್ಟೆನ್ಸ್ ಬೇಕು, ಹಾಗಾಗಿ ದೊಡ್ಡ ಕಾಯಿಲ್ಲಿಗೆ ಸುತ್ತು ಕಮ್ಮಿ ಹಾಕ್ಬೇಕಾಗುತ್ತೆ, ಸುತ್ತು ಕಮ್ಮಿ ಆದ್ರೆ ಕಳಿಸೋದೂ ಕಮ್ಮಿ, ಹಿಡಿಯೋದೂ ಕಮ್ಮಿ.

ಲೆಕ್ಕನೇ ಹಾಕೋಣ. ಒಂದು 11 ಇಂಚಿನ ದುಂಡು ಮೋನೋ (ಕಳಿಸೋಕೂ ಹಿಡಿಯೋಕೂ ಒಂದೇ ಸುತ್ತು ಇರೋ ಕಾಯಿಲ್), ಇನ್ನೊಂದು 18 ಇಂಚಿಂದು, ಎರಡಕ್ಕೂ ಒಂದೇ ಇಂಡಕ್ಟೆನ್ಸ್, ಒಂದೇ ಕರೆಂಟು, ಚಿನ್ನ ಸರಿಯಾಗಿ ನಡುಮಧ್ಯದ ಕೆಳಗೆ. 5 ಸೆಂ.ಮೀ. ದೂರದಲ್ಲಿ 11 ಇಂಚಿನದಕ್ಕೆ ಬರೋ ಸಿಗ್ನಲ್ಲು 18 ಇಂಚಿನದಕ್ಕಿಂತ ಸುಮಾರು ಮೂರೂವರೆ ಪಟ್ಟು ಜಾಸ್ತಿ. ಕೆಳಗೆ ಹೋದ ಹಾಗೆ ಈ ಅಂತರ ಕರಗುತ್ತಾ ಬಂದು ಸುಮಾರು 18 ಸೆಂ.ಮೀ. ಹತ್ರ ಎರಡೂ ಸಮ ಆಗ್ತವೆ. ಅಲ್ಲಿಂದ ಕೆಳಗೆ ದೊಡ್ಡದು ಮುಂದೆ. 40 ಸೆಂ.ಮೀ.ಗೆ ಹೋದ್ರೆ ದೊಡ್ಡದಕ್ಕೆ ಎರಡೂವರೆ ಪಟ್ಟಿಗಿಂತ ಸ್ವಲ್ಪ ಜಾಸ್ತಿ ಸಿಗ್ನಲ್ ಬರುತ್ತೆ. ಇದು ಕಾಗದದ ಮೇಲಿನ ಲೆಕ್ಕ, ಗಾಳಿಯಲ್ಲಿ, ಎಲ್ಲಾ ಸುತ್ತೂ ಸೇರಿ ಒಂದೇ ಗುಚ್ಛ ಅಂತ ಅಂದ್ಕೊಂಡು ಹಾಕಿದ್ದು, ನಿಮ್ಮ ಕಾಯಿಲ್ಲಿನ ಆಕಾರ, ಸುತ್ತಿದ ರೀತಿ ನೋಡಿ ಅಂಕಿ ಆಚೀಚೆ ಆಗುತ್ತೆ. ಆದ್ರೆ ದಿಕ್ಕು ಬದಲಾಗಲ್ಲ.

ಈಗ ಕಾಲು ಗ್ರಾಂ ಚೂರಿಗೆ ಬನ್ನಿ. ಅದು 18 ಸೆಂ.ಮೀ. ಆಳದಲ್ಲಿದ್ರೆ ಯಾವ ಕಾಯಿಲ್ಲಿಗೂ ಕೇಳಿಸೋದೇ ಕಷ್ಟ. ಅಂದ್ರೆ ಆ ಚೂರು ಕೇಳಿಸೋ ಆಳ ಎಲ್ಲಾ ಚಿಕ್ಕ ಕಾಯಿಲ್ಲಿನ ರಾಜ್ಯದ ಒಳಗೇ ಬರುತ್ತೆ, ದೊಡ್ಡ ಕಾಯಿಲ್ ಗೆಲ್ಲೋ ಆಳದಲ್ಲಿ ಆ ಚೂರು ಇದ್ರೂ ಒಂದೇ ಇಲ್ಲದಿದ್ರೂ ಒಂದೇ. ದಯವಿಟ್ಟು ಈ ಒಂದು ವಾಕ್ಯ ಎರಡು ಸಲ ಓದಿ. ದೊಡ್ಡ ಕಾಯಿಲ್ ಆಳಕ್ಕೆ ಹೋಗೋದು ದೊಡ್ಡ ಚಿನ್ನಕ್ಕೆ ಮಾತ್ರ.

ಅದೂ ಎಷ್ಟು ಆಳ? 11 ಇಂಚಿನದ್ರಲ್ಲಿ 40 ಸೆಂ.ಮೀ.ಗೆ ಸಣ್ಣಗೆ ಕೇಳಿಸೋ ಒಂದು ಚಿನ್ನದ ಗಟ್ಟಿ, ಅದೇ ಲೆಕ್ಕದಲ್ಲಿ 18 ಇಂಚಿನದ್ರಲ್ಲಿ 49ರ ಹತ್ರ ಅಷ್ಟೇ ಸಣ್ಣಗೆ ಕೇಳಿಸುತ್ತೆ. ಒಂಬತ್ತು ಸೆಂ.ಮೀ. ಅಷ್ಟೇ. ಕಾರಣ ಏನಂದ್ರೆ ದೂರದಲ್ಲಿ ಕ್ಷೇತ್ರ ದೂರದ ಮೂರನೇ ಘಾತದಲ್ಲಿ ಇಳಿಯುತ್ತೆ, ಚಿನ್ನದಿಂದ ವಾಪಸ್ ಬರೋದೂ ಹಾಗೇ ಇಳಿಯುತ್ತೆ, ಎರಡೂ ಸೇರಿ ಆರನೇ ಘಾತ. ಆಳ ಎರಡರಷ್ಟಾದ್ರೆ ಸಿಗ್ನಲ್ 64ರಲ್ಲಿ ಒಂದು ಭಾಗ. ಇಂಥ ಇಳಿಜಾರಿನ ಎದುರು ಕಾಯಿಲ್ಲಿನ ಅಗಲ ಎಷ್ಟು ಹೋರಾಡಿದ್ರೂ ಸಿಗೋದು ಇಷ್ಟೇ. ಅದ್ರಲ್ಲೂ ಮಣ್ಣು ತನ್ನ ಪಾಲು ಕಿತ್ಕೊಳ್ಳುತ್ತೆ. ದೊಡ್ಡ ಕಾಯಿಲ್ ಜಾಸ್ತಿ ಮಣ್ಣು ನೋಡುತ್ತೆ, ಕಬ್ಬಿಣದ ಅಂಶ ಇರೋ ಕೆಂಪು ನೆಲ ಆದ್ರೆ ಆ ಮಣ್ಣೇ ಕೂಗೋಕೆ ಶುರು ಮಾಡುತ್ತೆ, ತಡೀಲಾರದೆ ನೀವು ಗೇನ್ (ಮೆಷಿನ್ನಿನ ಸೂಕ್ಷ್ಮತೆ) ಇಳಿಸ್ತೀರ, ಇಳಿಸಿದ ತಕ್ಷಣ ಆ ಒಂಬತ್ತು ಸೆಂ.ಮೀ. ಹೋಯ್ತು.

ಇದನ್ನ ಹೇಳಿದ್ರೆ ಕೆಲವರು ಆಸ್ಟ್ರೇಲಿಯಾದ ಕಥೆ ತೆಗೀತಾರೆ. 1980ರಲ್ಲಿ ವಿಕ್ಟೋರಿಯಾದ ಕಿಂಗೋವರ್ ಹತ್ರ ಡಿಟೆಕ್ಟರಿನಲ್ಲೇ ಸಿಕ್ಕಿದ 'ಹ್ಯಾಂಡ್ ಆಫ್ ಫೇಯ್ತ್' ಗಟ್ಟಿ, 27 ಕೆಜಿ ಚಿಲ್ಲರೆ ತೂಕ. ಅಂಥದ್ದು ಆಳದಲ್ಲಿ ಕಾಯ್ತಾ ಇರುತ್ತೆ ಸರ್ ಅಂತಾರೆ. ಅದು ಇದ್ದಿದ್ದು ಸುಮಾರು ಒಂದಡಿ ಕೆಳಗೆ, ಅಷ್ಟೇ! ಅಷ್ಟು ಚಿನ್ನ ಒಂದಡಿಯಲ್ಲಿದ್ರೆ ಯಾವ ಕಾಯಿಲ್ ಆದ್ರೂ ಕಿವಿ ಕಿತ್ತೋಗೋ ಹಾಗೆ ಕೂಗುತ್ತೆ. ಆಸೆ ಇರ್ಲಿ, ಆಸೆ ಇಲ್ಲದೆ ಯಾರೂ ಬಿಸಿಲಲ್ಲಿ ದಿನವಿಡೀ ಕೋಲು ಬೀಸಲ್ಲ, ನನಗೆ ಈ ಜನ ಇಷ್ಟ ಆಗೋದೇ ಅದಕ್ಕೆ. ಆದ್ರೆ ಆ ಆಸೆಗೆ ತಕ್ಕ ಕಾಯಿಲ್ ಬೇಕು.

ಹಾಗಂತ ಆಫ್ಟರ್‌ಮಾರ್ಕೆಟ್ ಕಾಯಿಲ್ (ಮೆಷಿನ್ ಕಂಪನಿಯದಲ್ಲದೆ ಬೇರೆಯವರು ಮಾಡಿದ್ದು) ಬೇಡ ಅಂತ ನಾನು ಹೇಳ್ತಿಲ್ಲ. ಕಾಯಿಲ್‌ಟೆಕ್, ನಗೆಟ್ ಫೈಂಡರ್ ಥರದ ಆಸ್ಟ್ರೇಲಿಯಾದ ತಯಾರಕರ ಕೆಲಸ ನೋಡಿದ್ರೆ ಗೌರವ ಬರುತ್ತೆ. ಅವರ ನಿಜವಾದ ಕೊಡುಗೆ ಸೈಜಿನಲ್ಲಿಲ್ಲ, ಸುತ್ತೋ ರೀತಿಯಲ್ಲಿದೆ. ಪಲ್ಸ್ ಮೆಷಿನ್ ಕರೆಂಟ್ ಕಟ್ ಮಾಡಿದ ಮೇಲೆ ಕಾಯಿಲ್ಲಿನ ಸ್ವಂತ ವೋಲ್ಟೇಜ್ ಸಾಯೋವರೆಗೂ ಏನೂ ಕೇಳಿಸ್ಕೊಳ್ಳೋಕಾಗಲ್ಲ, ಸುಮಾರು 10 ಮೈಕ್ರೊಸೆಕೆಂಡ್ ಅನ್ಕೊಳ್ಳಿ, ಸಣ್ಣ ಚಿನ್ನದಲ್ಲಿ ಹುಟ್ಟಿದ ಕರೆಂಟು ಅಷ್ಟರಲ್ಲಿ ಬಹುಪಾಲು ಸತ್ತೇ ಹೋಗಿರುತ್ತೆ. ತಂತಿನ ಗುಚ್ಛ ಕಟ್ಟಿ ಸುತ್ತೋ ಬದಲು ಚಕ್ಕುಲಿ ಥರ ಚಪ್ಪಟೆಯಾಗಿ ಸುರುಳಿ ಸುತ್ತಿ, ಎಳೆ ಎಳೆಯಾಗಿರೋ ಲಿಟ್ಜ್ ತಂತಿ ಬಳಸಿದ್ರೆ ಕೆಪಾಸಿಟೆನ್ಸ್ (ಸುತ್ತುಗಳ ನಡುವೆ ಚಾರ್ಜ್ ಕೂಡೋದು) ಇಳಿಯುತ್ತೆ, ಕಾಯಿಲ್ ಬೇಗ ಸುಮ್ಮನಾಗುತ್ತೆ, ಚೂರಿನ ಕ್ಷೀಣ ಸಿಗ್ನಲ್ ಕೇಳಿಸುತ್ತೆ. ಕಾಯಿಲ್ ತಗೊಳ್ಳೋವಾಗ ಜನ ಎಷ್ಟು ಇಂಚು ಅಂತ ಕೇಳ್ತಾರೆ, ಹೇಗೆ ಸುತ್ತಿದಾರೆ ಅಂತ ಕೇಳೋರು ಅಪರೂಪ.

ಮೋನೋನಾ ಡಿಡಿನಾ ಅನ್ನೋದಕ್ಕೆ ಜಾಸ್ತಿ ಹೇಳಲ್ಲ, ನೆಲ ತಣ್ಣಗಿದ್ರೆ ಮೋನೋ, ನೆಲ ಕೂಗ್ತಿದ್ರೆ ಡಿಡಿ (ಕಳಿಸೋಕೆ ಒಂದು, ಹಿಡಿಯೋಕೆ ಇನ್ನೊಂದು ಸುತ್ತು ಇರೋದು), ನೆಲ ನೋಡದೆ ಖಚಿತವಾಗಿ ಯಾರಿಗೂ ಹೇಳೋಕಾಗಲ್ಲ. ವಿಎಲ್‌ಎಫ್ ಮೆಷಿನ್ (ಪಲ್ಸ್ ಬದಲು ಕಡಿಮೆ ಫ್ರೀಕ್ವೆನ್ಸಿಯ ಅಲೆಯನ್ನ ಸತತವಾಗಿ ಕಳಿಸೋದು) ಇರೋರು ಪ್ಲಗ್ ಕೂರುತ್ತೆ ಅಂತ ಬೇರೆ ಮಾಡೆಲ್ಲಿನ ಕಾಯಿಲ್ ಹಾಕ್ಬೇಡಿ, ಅದರ ಎರಡು ಸುತ್ತುಗಳನ್ನ ಒಂದಕ್ಕೊಂದು ತೂಗಿಸಿಟ್ಟಿರೋದು ಆ ಮೆಷಿನ್ನಿನ ಫ್ರೀಕ್ವೆನ್ಸಿಗೆ. ಇನ್ನು ಡಿಟೆಕ್ಟರ್ ಕಂಪನಿ ಮೈನ್‌ಲ್ಯಾಬ್ ಅವರ 2015ರ ಜಿಪಿಝೆಡ್ 7000, 2021ರ ಜಿಪಿಎಕ್ಸ್ 6000 ಇರೋರು ಗಮನಿಸಿ, ಇವುಗಳ ಕಾಯಿಲ್ಲಿನಲ್ಲಿ ಚಿಪ್ ಇರುತ್ತೆ, ಚಿಪ್ ಗುರುತು ಸಿಗದಿದ್ರೆ ಮೆಷಿನ್ ಒಪ್ಪಲ್ಲ. ಒರಿಜಿನಲ್ ಕಾಯಿಲ್ ಕೇಬಲ್ ಕತ್ತರಿಸಿ ಚಿಪ್ ಸಮೇತ ಬೇರೆ ಕಾಯಿಲ್ಲಿಗೆ ಜೋಡಿಸ್ಕೊಂಡು ಬರೋರಿದ್ದಾರೆ. ಚೆನ್ನಾಗಿ ಕೆಲಸ ಮಾಡಿದ್ದನ್ನೂ ನೋಡಿದೀನಿ, ಬೆಸುಗೆ ಸರಿಯಿಲ್ಲದೆ ಮೆಷಿನ್ನಿಗೇ ಪೆಟ್ಟಾಗಿದ್ದನ್ನೂ ನೋಡಿದೀನಿ. ವಾರಂಟಿ ಆಸೆ ಬಿಟ್ಟೇ ಕತ್ತರಿ ಕೈಗೆ ತಗೋಬೇಕು, ನನ್ನ ಕೇಳಿದ್ರೆ ಕಂಪನಿ ಲೈಸೆನ್ಸ್ ಇರೋ ಕಾಯಿಲ್ ಬಂದಿದ್ರೆ ಅದನ್ನೇ ತಗೊಳ್ಳಿ.

ತೂಕದ ಬಗ್ಗೆ ಯಾರೂ ಕೇಳಲ್ಲ. ಅರವತ್ತು ದಾಟಿದ ಹಿರಿಯರೊಬ್ರು ಬರ್ತಾರೆ, ಅವರೂ ದೊಡ್ಡ ಕಾಯಿಲ್ ಹಾಕ್ಕೊಂಡು ಒಂದು ಸೀಸನ್ ಪೂರ್ತಿ ಬೀಸಿದ್ರು. ಅವರ ಕಾಯಿಲ್ಲಿನ ತಳದ ಕವರ್ ನೋಡಿದ್ರೆ ಹೊಸದರ ಹಾಗಿದೆ, ಒಂದು ಗೀರಿಲ್ಲ! ಭುಜ ನೋವಿಗೆ ನೆಲಕ್ಕೆ ತಾಗಿಸದೆ ನಾಲ್ಕೈದು ಸೆಂ.ಮೀ. ಮೇಲೆ ಎತ್ತಿ ಬೀಸ್ತಿದ್ರು ಪಾಪ. ಒಂಬತ್ತು ಸೆಂ.ಮೀ. ಲಾಭಕ್ಕೆ ಅಂತ ತಗೊಂಡಿದ್ರಲ್ಲಿ ಅರ್ಧ ಗಾಳಿಗೇ ಹೋಯ್ತು. ಅವರಿಗೆ ಹಗುರದ ಚಿಕ್ಕ ಕಾಯಿಲ್ ಹಾಕ್ಕೊಟ್ಟು ನೆಲ ಸವರ್ತಾ ನಿಧಾನಕ್ಕೆ ಬೀಸಿ ಅಂದೆ. ಈಗ ಕವರ್ ಸವೆದು ಬದಲಾಯಿಸೋಕೆ ಬರ್ತಾರೆ, ನೋಡಿದಾಗೆಲ್ಲ ಖುಷಿಯಾಗುತ್ತೆ. ಕವರ್ ಅಂದಾಗ ನೆನಪಾಯ್ತು, ಅದನ್ನ ಆಗಾಗ ಬಿಚ್ಚಿ ಒಳಗೆ ಸೇರಿದ ಮಣ್ಣು ಒರೆಸಿ, ಕಬ್ಬಿಣದ ಅಂಶದ ಮಣ್ಣು ಅಲ್ಲೇ ಕೂತು ಅಲ್ಲಾಡ್ತಿದ್ರೆ ಸುಳ್ಳು ಸಿಗ್ನಲ್ ಬರುತ್ತೆ, ಜನ ಅದಕ್ಕೂ ಕಾಯಿಲ್ ಹಾಳಾಗಿದೆ ಅಂತ ಕಳಿಸ್ತಾರೆ.

ದೊಡ್ಡ ಕಾಯಿಲ್ಲಿಗೂ ಜಾಗ ಇದೆ, ಇಲ್ಲ ಅಂತಲ್ಲ. ಗಟ್ಟಿ ಚಿನ್ನ ಸಿಕ್ಕ ಚರಿತ್ರೆ ಇರೋ, ಮಣ್ಣಿನ ಪದರ ದಪ್ಪ ಇರೋ, ಕೂಗು ಕಮ್ಮಿ ಇರೋ ನೆಲ. ಬಯಲು ದೊಡ್ಡದಿದ್ದು ಎಲ್ಲಿ ಶುರು ಮಾಡ್ಬೇಕು ಗೊತ್ತಿಲ್ಲದಾಗ ಒಂದು ಬೀಸಿಗೆ ಜಾಸ್ತಿ ನೆಲ ಮುಚ್ಚೋಕೂ ಅದೇ ಸರಿ. ಗಟ್ಟಿ ಒಂದು ಸಿಕ್ಕ ಮೇಲೆ ಅದೇ ಜಾಗಕ್ಕೆ ಚಿಕ್ಕದು ಹಾಕ್ಕೊಂಡು ಇಂಚಿಂಚು ಹುಡುಕಿ.

ಆ 18 ಇಂಚಿನವರಿಗೆ ಕಾಯಿಲ್ ವಾಪಸ್ ಕಳಿಸಿದೆ, ಮೆಷಿನ್ ಜೊತೆ ಬಂದಿದ್ದ 11 ಇಂಚಿನದನ್ನೇ ಹಾಕಿ, ಗ್ರೌಂಡ್ ಬ್ಯಾಲೆನ್ಸ್ (ಮಣ್ಣಿನ ಕೂಗು ತಣಿಸೋ ಹೊಂದಿಕೆ) ಹೊಸದಾಗಿ ಮಾಡ್ಕೊಂಡು, ಓಡಾಡಿದ ದಾರಿಯಲ್ಲೇ ಮತ್ತೆ ಓಡಾಡಿ ಅಂದೆ. ಜೊತೆಗೊಂದು ಸ್ಕೇಲ್ ಇಟ್ಕೊಳ್ಳಿ, ಸಿಕ್ಕಿದ್ದು ಚಿನ್ನ ಆಗ್ಲಿ ಸೀಸದ ಗುಂಡಾಗ್ಲಿ ಮೊಳೆ ಆಗ್ಲಿ, ಗುಂಡಿ ಎಷ್ಟು ಆಳ ಅಂತ ಅಳೆದು ಬರ್ಕೊಳ್ಳಿ ಅಂದೆ. ಮೊದಲ ವಾರ ನಾಲ್ಕು ಮೊಳೆ, ಆಮೇಲೆ ಒಂದು ಚೂರು ಚಿನ್ನ, 0.3 ಗ್ರಾಂ, 11 ಸೆಂ.ಮೀ. ಫೋಟೋ ಕಳಿಸಿದ್ರು, ಸ್ಕೇಲ್ ಸಮೇತ. ಇನ್ನೊಂದು ಕಾಯಿಲ್ ಯಾವ್ದು ತಗೊಳ್ಳಲಿ ಸರ್ ಅಂತ ಆಗ್ಲೇ ಕೇಳ್ತಿದಾರೆ, ಇಪ್ಪತ್ತು ಗುಂಡಿ ಲೆಕ್ಕ ತನ್ನಿ ಆಮೇಲೆ ಹೇಳ್ತೀನಿ ಅಂದಿದೀನಿ.