ಮಾಸ್ಟರ್ ಡೇಟಾ ವ್ಯವಸ್ಥೆ ಇದ್ದಮೇಲೆ ಡೇಟಾ ಗವರ್ನೆನ್ಸ್ ಬೇರೆ ಏಕೆ?

ಪ್ರಶ್ನೆ: ನಮ್ಮ ಕಂಪನಿಯಲ್ಲಿ ಸಾಕಷ್ಟು ಹಣ ಸುರಿದು ಮಾಸ್ಟರ್ ಡೇಟಾ ಮ್ಯಾನೇಜ್‌ಮೆಂಟ್ ಸಾಫ್ಟ್‌ವೇರ್ ಹಾಕಿಸಿದ್ದೇವೆ. ಈಗ ಡೇಟಾ ಗವರ್ನೆನ್ಸ್ ಎಂಬ ಇನ್ನೊಂದು ಯೋಜನೆ ಬೇಕೆನ್ನುತ್ತಿದ್ದಾರೆ. ಎರಡೂ ಒಂದೇ ಅಲ್ಲವೇ?

ಉತ್ತರ: ಒಂದೇ ಅಲ್ಲ. ಮಾಸ್ಟರ್ ಡೇಟಾ ಎಂದರೆ ಎಲ್ಲ ವಿಭಾಗಗಳೂ ಬಳಸುವ ಮೂಲ ದಾಖಲೆಗಳು, ಗವರ್ನೆನ್ಸ್ ಎಂದರೆ ಅವುಗಳ ಬಗ್ಗೆ ಯಾರು, ಹೇಗೆ ತೀರ್ಮಾನಿಸಬೇಕೆಂಬ ಏರ್ಪಾಡು. ಗವರ್ನೆನ್ಸ್ ಇಲ್ಲದ ಕಡೆ ಮಾಸ್ಟರ್ ಡೇಟಾ ಸಾಫ್ಟ್‌ವೇರ್ ಬಂದರೆ ತಪ್ಪುಗಳು ಮೊದಲಿಗಿಂತ ಬೇಗ ಹರಡುತ್ತವೆ. ಸರಬರಾಜುದಾರರ ಪಟ್ಟಿಯನ್ನೇ, ಅಂದರೆ ವೆಂಡರ್ ಮಾಸ್ಟರ್ ಅನ್ನೇ ನೋಡೋಣ. ಇಲಾಖೆಗಳ ನಡುವಿನ ಜಗಳ ಹೆಚ್ಚಾಗಿ ಹತ್ತಿಕೊಳ್ಳುವುದು ಅಲ್ಲಿಯೇ.

ಒಬ್ಬನೇ ಸರಬರಾಜುದಾರನ ಪೂರ್ತಿ ಹೆಸರನ್ನು ಖರೀದಿ ವಿಭಾಗದವರು ಬರೆದಿರುತ್ತಾರೆ, ಲೆಕ್ಕಪತ್ರದವರು ಇನಿಷಿಯಲ್ ಹಾಕಿ ಮುಗಿಸಿರುತ್ತಾರೆ, ಗೋದಾಮಿನವರ ಎಕ್ಸೆಲ್ ಹಾಳೆಯಲ್ಲಿ ಮಾಲೀಕರ ಹೆಸರು ಮಾತ್ರ ಇರುತ್ತದೆ. ಮೂರು ಕಡೆ ಮೂರು ವೆಂಡರ್ ಕೋಡ್. ಇವನ್ನು ಹೊಂದಿಸಿ, ನಕಲುಗಳನ್ನು ಗುರುತಿಸಿ, ಒಂದೇ ನಂಬಲರ್ಹ ದಾಖಲೆ ಮಾಡಿ ಎಲ್ಲ ವ್ಯವಸ್ಥೆಗಳಿಗೂ ಹಂಚುವುದು ಮಾಸ್ಟರ್ ಡೇಟಾ ನಿರ್ವಹಣೆಯ ಕೆಲಸ. ಸಾಫ್ಟ್‌ವೇರ್ ಇದನ್ನು ಚೆನ್ನಾಗಿಯೇ ಮಾಡುತ್ತದೆ. ಆದರೆ ‘ಒಬ್ಬ ಸರಬರಾಜುದಾರ’ ಎಂದರೆ ಯಾರು ಎಂಬುದನ್ನು ಅದಕ್ಕೆ ಯಾರಾದರೂ ಹೇಳಿಕೊಡಬೇಕು.

ಜಿಎಸ್‌ಟಿ ಸಂಖ್ಯೆಯಿಂದ ಹೊಂದಿಸಿದರಾಯಿತು ಎನ್ನುತ್ತೀರಿ. 15 ಅಕ್ಷರಗಳ ಆ ಸಂಖ್ಯೆಯಲ್ಲಿ ಮೊದಲ ಎರಡು ರಾಜ್ಯದ ಕೋಡ್, ಮುಂದಿನ ಹತ್ತು ಪ್ಯಾನ್. ಕರ್ನಾಟಕದ್ದು 29, ತಮಿಳುನಾಡಿನದು 33. ಬೆಂಗಳೂರಿನಲ್ಲೂ ಹೊಸೂರಿನಲ್ಲೂ ಘಟಕವಿರುವ ಕಂಪನಿಗೆ ಪ್ಯಾನ್ ಒಂದೇ, ಜಿಎಸ್‌ಟಿ ಸಂಖ್ಯೆ ಎರಡು. ಒಟ್ಟು ಖರೀದಿಯ ಬಲದ ಮೇಲೆ ದರ ಇಳಿಸಲು ಚೌಕಾಸಿ ಮಾಡುವ ಖರೀದಿ ವಿಭಾಗಕ್ಕೆ ಅದು ಒಬ್ಬನೇ ಸರಬರಾಜುದಾರ. ತೆರಿಗೆ ನೋಡುವವರಿಗೆ ಇಬ್ಬರು, ಏಕೆಂದರೆ ನೀವು ಕರ್ನಾಟಕದಲ್ಲಿದ್ದರೆ ಬೆಂಗಳೂರಿನ ಬಿಲ್ಲಿಗೆ ರಾಜ್ಯದೊಳಗಿನ ತೆರಿಗೆಗಳಾದ ಸಿಜಿಎಸ್‌ಟಿ ಮತ್ತು ಎಸ್‌ಜಿಎಸ್‌ಟಿ, ಹೊಸೂರಿನದಕ್ಕೆ ಅಂತರರಾಜ್ಯ ತೆರಿಗೆಯಾದ ಐಜಿಎಸ್‌ಟಿ. ಎರಡೂ ವಿಭಾಗದವರು ಹೇಳುವುದು ಸರಿ. ಪ್ಯಾನ್ ಮಟ್ಟದಲ್ಲಿ ಒಂದು ದಾಖಲೆ ಇಟ್ಟು ಅದರಡಿ ರಾಜ್ಯವಾರು ನೋಂದಣಿಗಳನ್ನು ಸೇರಿಸೋಣ ಎಂದು ಯಾರೋ ಕುಳಿತು ತೀರ್ಮಾನಿಸಬೇಕು, ಆ ತೀರ್ಮಾನಕ್ಕೆ ಎರಡೂ ವಿಭಾಗಗಳು ಬದ್ಧವಾಗಿರಬೇಕು. ಹೀಗೆ ತೀರ್ಮಾನಿಸುವ ಅಧಿಕಾರ ಯಾರದು, ನಿಯಮವೇನು, ತಕರಾರು ಬಂದರೆ ಕೊನೆಯ ಮಾತು ಯಾರದು ಎಂಬುದನ್ನು ಗೊತ್ತುಮಾಡುವುದೇ ಡೇಟಾ ಗವರ್ನೆನ್ಸ್.

ಯಾರೂ ಕೈಯಿಡದಿದ್ದರೂ ದಾಖಲೆ ಕೆಡುವುದುಂಟು. ಕಿರು ಮತ್ತು ಸಣ್ಣ ಉದ್ಯಮಗಳಿಗೆ ಲಿಖಿತ ಒಪ್ಪಂದವಿದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನಗಳೊಳಗೆ ಹಣ ಕೊಡಬೇಕು. ಗಡುವು ಮೀರಿದ ಬಾಕಿಯನ್ನು ಪಾವತಿಸುವವರೆಗೆ ವೆಚ್ಚವೆಂದು ತೋರಿಸಿ ಆದಾಯ ತೆರಿಗೆಯಲ್ಲಿ ಕಳೆಯುವಂತಿಲ್ಲ ಎಂಬ ನಿಯಮವೂ 2024-25ರ ಕರನಿರ್ಧಾರಣ ವರ್ಷದಿಂದ ಬಂದಿದೆ. ಆದ್ದರಿಂದ ವೆಂಡರ್ ದಾಖಲೆಯಲ್ಲಿ ‘ಸಣ್ಣ ಉದ್ಯಮ’ ಎಂಬ ಗುರುತು ಸರಿಯಾಗಿರಲೇಬೇಕು. ಆದರೆ 2025ರ ಏಪ್ರಿಲ್ 1ರಿಂದ ಸಣ್ಣ ಉದ್ಯಮದ ವಹಿವಾಟಿನ ಮಿತಿಯೇ 50 ಕೋಟಿಯಿಂದ 100 ಕೋಟಿ ರೂಪಾಯಿಗೆ ಏರಿತು, ಹೂಡಿಕೆಯ ಮಿತಿಯೂ ಏರಿತು. ಹಿಂದಿನ ದಿನ ‘ಮಧ್ಯಮ’ ಆಗಿದ್ದವರು ಸಣ್ಣವರಾಗುವ ಸಂದರ್ಭ ಬಂತು. ನಿಮ್ಮ ಕಂಪನಿಯಲ್ಲಿ ಆ ಗುರುತನ್ನು ಮರುಪರಿಶೀಲಿಸಬೇಕಾದವರು ಯಾರು? ‘ಐಟಿ ವಿಭಾಗದವರು’ ಎಂಬ ಉತ್ತರ ಬಂದರೆ ಗವರ್ನೆನ್ಸ್ ಇಲ್ಲ ಎಂದೇ ತಿಳಿಯಿರಿ. ಉದ್ಯಮ್ ಪ್ರಮಾಣಪತ್ರ (ಕಿರು, ಸಣ್ಣ, ಮಧ್ಯಮ ಉದ್ಯಮಗಳಿಗೆ ಸರ್ಕಾರ ಕೊಡುವ ನೋಂದಣಿ ಪತ್ರ) ಓದಿ ತೀರ್ಮಾನಿಸುವುದು ಅವರ ಕೆಲಸವಲ್ಲ.

ಇನ್ನು ಬ್ಯಾಂಕ್ ವಿವರ. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಎಸ್‌ವೈಎನ್‌ಬಿ ಎಂದು ಶುರುವಾಗುತ್ತಿದ್ದ ಅದರ ಐಎಫ್‌ಎಸ್‌ಸಿ ಕೋಡ್‌ಗಳು 2021ರ ಜುಲೈ 1ರಿಂದ ನಿಂತವು, ಸಿಎನ್‌ಆರ್‌ಬಿ ಎಂದು ಶುರುವಾಗುವ ಹೊಸವು ಬಂದವು. ವೆಂಡರ್ ವಿವರ ಐದು ಕಡೆ ಚದುರಿದ್ದರೆ ಐದೂ ಕಡೆ ತಿದ್ದಬೇಕು. ಒಂದು ಮರೆತರೂ ಪಾವತಿ ವಾಪಸಾಗುತ್ತದೆ. ಒಂದೇ ಮಾಸ್ಟರ್ ಇದ್ದರೆ ಒಮ್ಮೆ ತಿದ್ದಿದರೆ ಸಾಕು. ಸಾಫ್ಟ್‌ವೇರ್ ಮಾರುವವರು ಇಲ್ಲಿಗೆ ಮಾತು ನಿಲ್ಲಿಸುತ್ತಾರೆ.

ಈಗ ಇದೇ ವಿಲೀನದ ನೆಪ ಹೇಳಿ ಒಬ್ಬ ವಂಚಕ ಮೇಲ್ ಕಳಿಸುತ್ತಾನೆ ಎಂದುಕೊಳ್ಳಿ: ‘ನಮ್ಮ ಬ್ಯಾಂಕ್ ಬದಲಾಗಿದೆ, ಮುಂದಿನ ಹಣ ಈ ಖಾತೆಗೆ ಹಾಕಿ.’ ಗುಮಾಸ್ತರು ನಂಬಿ ಮಾಸ್ಟರ್‌ನಲ್ಲಿ ತಿದ್ದಿದರೆ ಕೆಲವೇ ನಿಮಿಷಗಳಲ್ಲಿ ವಂಚಕನ ಖಾತೆ ಎಲ್ಲ ಶಾಖೆಗಳ ಪಾವತಿ ವ್ಯವಸ್ಥೆಗೂ ತಲುಪಿರುತ್ತದೆ. ಸಾಫ್ಟ್‌ವೇರ್ ಏನೂ ತಪ್ಪು ಮಾಡಿಲ್ಲ, ಹೇಳಿದ ಕೆಲಸವನ್ನು ಚೊಕ್ಕವಾಗಿ ಮಾಡಿದೆ. ಅದನ್ನು ತಡೆಯುವುದು ನಿಯಮ: ಕೋರಿಕೆ ದಾಖಲಿಸುವವರು ಒಬ್ಬರು, ಮೊದಲೇ ದಾಖಲೆಯಲ್ಲಿರುವ ಫೋನ್ ಸಂಖ್ಯೆಗೆ (ಮೇಲ್‌ನಲ್ಲಿ ಬಂದ ಸಂಖ್ಯೆಗೆ ಖಂಡಿತ ಅಲ್ಲ) ಕರೆ ಮಾಡಿ ಖಚಿತಪಡಿಸಿಕೊಳ್ಳುವವರು ಇನ್ನೊಬ್ಬರು, ಒಪ್ಪಿಗೆ ಕೊಡುವವರು ಮತ್ತೊಬ್ಬರು. ಈ ಮೂರು ಹಂತ ದಾಟದೆ ಬದಲಾವಣೆ ಜಾರಿಯಾಗದಂತೆ ಸಾಫ್ಟ್‌ವೇರ್‌ನಲ್ಲಿ ಬೀಗ ಹಾಕಬಹುದು. ಆದರೆ ನಿಯಮ ಮೊದಲು ಬರಬೇಕು, ಬೀಗ ಆಮೇಲೆ.

ಇದರ ಉಲ್ಟಾ ಕಾಯಿಲೆಯೂ ಇದೆ. ಕೆಲವು ಕಡೆ ಗವರ್ನೆನ್ಸ್ ಸಮಿತಿ ಇರುತ್ತದೆ, ಮೂರು ತಿಂಗಳಿಗೊಮ್ಮೆ ಸಭೆಯೂ ನಡೆಯುತ್ತದೆ, ದಪ್ಪನೆಯ ನೀತಿ ಪುಸ್ತಕವೂ ಇರುತ್ತದೆ. ನಕಲು ವೆಂಡರ್ ಕೋಡ್‌ಗಳು ಮಾತ್ರ ಹಾಗೆಯೇ ಬೆಳೆಯುತ್ತಿರುತ್ತವೆ. ನೀತಿಯನ್ನು ದಾಖಲೆಯ ಮೇಲೆ ಚಲಾಯಿಸಲು ಕೈ ಬೇಕು, ಅದು ಮಾಸ್ಟರ್ ಡೇಟಾ ವ್ಯವಸ್ಥೆ.

ಎರಡನ್ನೂ ಒಟ್ಟಿಗೆ, ಆದರೆ ಚಿಕ್ಕದಾಗಿ ಶುರುಮಾಡುವುದು ಲೇಸು. ಗ್ರಾಹಕರು, ಸರಕುಗಳು, ನೌಕರರು ಎಲ್ಲವನ್ನೂ ಮೊದಲ ವರ್ಷವೇ ಹಿಡಿಯಲು ಹೋಗಬೇಡಿ. ವೆಂಡರ್ ಮಾಸ್ಟರ್ ಒಂದೇ ಸಾಕು. ಪ್ಯಾನ್, ಜಿಎಸ್‌ಟಿ, ಉದ್ಯಮ್ ಗುರುತು, ಬ್ಯಾಂಕ್ ವಿವರ, ಈ ನಾಲ್ಕಕ್ಕೂ ಒಬ್ಬೊಬ್ಬ ಹೊಣೆಗಾರರನ್ನು ಹೆಸರು ಹಿಡಿದು ಬರೆಯಿರಿ. ‘ಹಣಕಾಸು ವಿಭಾಗ’ ಎಂದು ಬರೆದರೆ ಯಾರ ಹೆಸರನ್ನೂ ಬರೆದಂತಾಗಲಿಲ್ಲ. ಅವರು ರಜೆಯಲ್ಲಿದ್ದಾಗ ಸಹಿ ಹಾಕುವವರ ಹೆಸರನ್ನೂ ಪಕ್ಕದಲ್ಲೇ ಬರೆದಿಡಿ, ತುರ್ತು ಪಾವತಿಯ ಒತ್ತಡ ಬರುವುದು ಸಾಮಾನ್ಯವಾಗಿ ಆ ದಿನವೇ.