ಜೈಲಿನಿಂದ ಹೊರಬಂದವನು ಎಲ್ಲಿರಬೇಕು?

1994ರ ಬೇಸಿಗೆ. ಅಮೆರಿಕದ ನ್ಯೂಜೆರ್ಸಿಯ ಹ್ಯಾಮಿಲ್ಟನ್ ಟೌನ್‌ಶಿಪ್‌ನಲ್ಲಿ ಏಳು ವರ್ಷದ ಮೇಗನ್ ಕಾಂಕಾ ಎಂಬ ಹುಡುಗಿಯನ್ನು ಎದುರು ಮನೆಯವನೊಬ್ಬ ಅತ್ಯಾಚಾರ ಮಾಡಿ ಕೊಂದ. ಮಕ್ಕಳ ಮೇಲಿನ ಅಪರಾಧಕ್ಕೆ ಅವನಿಗೆ ಅದಕ್ಕೂ ಮೊದಲು ಎರಡು ಸಲ ಶಿಕ್ಷೆಯಾಗಿತ್ತು. ಆ ಮನೆಯಲ್ಲಿ ಅಂಥದ್ದೇ ಅಪರಾಧ ಮಾಡಿದ್ದ ಇನ್ನಿಬ್ಬರು ಇದ್ದರು. ಮೇಗನ್‌ಳ ಅಪ್ಪ ಅಮ್ಮನಿಗೆ ಇದ್ಯಾವುದೂ ಗೊತ್ತಿರಲಿಲ್ಲ.

ಅದೇ ಬೇಸಿಗೆಯಲ್ಲಿ ಕೆನಡಾದ ಒಂಟಾರಿಯೊದಲ್ಲಿರುವ ಇನ್ನೊಂದು ಹ್ಯಾಮಿಲ್ಟನ್‌ಗೆ ಜೈಲಿನಿಂದ ಬಿಡುಗಡೆಯಾದ ಒಬ್ಬ ಬಂದ. ಮಕ್ಕಳ ಮೇಲೆ ಮತ್ತೆ ಮತ್ತೆ ಅಪರಾಧ ಮಾಡಿದ್ದವನು, ಬುದ್ಧಿಶಕ್ತಿಯೂ ಸ್ವಲ್ಪ ಕಡಿಮೆ. ಹೊರಬಂದರೆ ಪುನಃ ಅದನ್ನೇ ಮಾಡುತ್ತಾನೆ ಎಂದು ಅಧಿಕಾರಿಗಳು ಹೆಚ್ಚುಕಡಿಮೆ ಖಚಿತವಾಗಿಯೇ ನಂಬಿದ್ದರು. ಹೆಸರು ಒಂದೇ ಆದ ಈ ಎರಡು ಊರುಗಳಿಂದ ಎರಡು ಬೇರೆ ದಾರಿಗಳು ಹೊರಟವು. ಒಂದು ದಾರಿ ಪ್ರಪಂಚಕ್ಕೆಲ್ಲ ಗೊತ್ತು. ಇನ್ನೊಂದರ ಬಗ್ಗೆ ನಮ್ಮಲ್ಲಿ ಮಾತೇ ಇಲ್ಲ.

ಕೆನಡಾದ ಕಾನೂನಿನಲ್ಲಿ ಆಗ ಒಂದು ವಿಚಿತ್ರ ತೊಡಕಿತ್ತು. ಸಾಮಾನ್ಯ ಕೈದಿಗಳನ್ನು ಶಿಕ್ಷೆಯ ಮೂರನೇ ಎರಡು ಭಾಗ ಮುಗಿದ ಮೇಲೆ ಹೊರಗೆ ಬಿಟ್ಟು, ಉಳಿದ ಅವಧಿಯಲ್ಲಿ ಅಧಿಕಾರಿಗಳು ಅವರ ಮೇಲೆ ಕಣ್ಣಿಡುತ್ತಿದ್ದರು. ಆದರೆ ತುಂಬಾ ಅಪಾಯ ಎನಿಸಿದವರನ್ನು ಕೊನೆಯ ದಿನದವರೆಗೂ ಒಳಗೇ ಇಡಬಹುದು ಎಂದು 1986ರಲ್ಲಿ ಕಾನೂನು ತಂದರು. ಜನರ ರಕ್ಷಣೆಗೆಂದೇ ತಂದ ಕಾನೂನು ಅದು. ಆದರೆ ಕೊನೆಯ ದಿನ ಮುಗಿದರೆ ಶಿಕ್ಷೆಯೂ ಮುಗಿಯಿತು. ಅದರ ಮೇಲೆ ಪೆರೋಲ್ ಅಧಿಕಾರಿ ಇಲ್ಲ, ಚಿಕಿತ್ಸೆ ಇಲ್ಲ, ಇರಲು ಜಾಗವೂ ಇಲ್ಲ. ಹೀಗೆ ಎಲ್ಲರಿಗಿಂತ ಅಪಾಯಕಾರಿಯಾದವನೇ ಯಾರ ನಿಗಾ ಇಲ್ಲದೆ ಬೀದಿಗೆ ಬರುವಂತಾಯಿತು.

ಹ್ಯಾಮಿಲ್ಟನ್‌ಗೆ ಬಂದವನ ಸ್ಥಿತಿಯೂ ಇದೇ. ಜೈಲಿನ ಮನಶ್ಶಾಸ್ತ್ರಜ್ಞರೊಬ್ಬರು ಹ್ಯಾರಿ ನೈ ಎಂಬ ಪಾದ್ರಿಗೆ ಫೋನ್ ಮಾಡಿದರು. ಹ್ಯಾರಿ ನೈ ಮೆನೊನೈಟ್ ಎಂಬ ಕ್ರೈಸ್ತ ಪಂಥದ ಸಣ್ಣ ಚರ್ಚೊಂದನ್ನು ನೋಡಿಕೊಳ್ಳುತ್ತಿದ್ದರು. ಈ ಮನುಷ್ಯನ ಪರಿಚಯ ಅವರಿಗೆ ಮೊದಲೇ ಇತ್ತು. ಒಪ್ಪಿಕೊಂಡು, ಚರ್ಚಿನ ಕೆಲವರನ್ನು ಜೊತೆಗೆ ಸೇರಿಸಿಕೊಂಡರು. ಊರಿನವರು ಸಿಡಿದೆದ್ದರು, ಪತ್ರಿಕೆಗಳು ಬರೆದವು, ಪೊಲೀಸರು ಹಗಲೂ ರಾತ್ರಿ ಕಾವಲು ಹಾಕಿದರು. ಊರಿನವರ ಸಿಟ್ಟನ್ನು ತಪ್ಪು ಅನ್ನಲು ನನಗೆ ಮನಸ್ಸಿಲ್ಲ. ಮನೆಯಲ್ಲಿ ಮಕ್ಕಳಿರುವ ಯಾರಿಗಾದರೂ ಭಯ ಆಗುವುದು ಸಹಜ ಅಲ್ವಾ? ಹ್ಯಾರಿ ನೈ ಮತ್ತು ಅವರ ಜೊತೆಗಾರರೂ ಆ ಭಯವನ್ನು ತಳ್ಳಿಹಾಕಲಿಲ್ಲ. ಅಕ್ಕಪಕ್ಕದವರ ಜೊತೆ, ಪೊಲೀಸರ ಜೊತೆ ಕೂತು ಮಾತಾಡಿದರು. ದಿನವೂ ಅವನನ್ನು ಕಂಡರು. ಅದಾದ ಮೇಲೆ ಅವನು ಹತ್ತು ವರ್ಷಕ್ಕಿಂತ ಜಾಸ್ತಿ ಬದುಕಿದ್ದ. ಸಾಯುವವರೆಗೂ ಮತ್ತೆ ಅಂಥ ಅಪರಾಧ ಮಾಡಲಿಲ್ಲ.

ಸ್ವಲ್ಪ ದಿನದಲ್ಲೇ ಟೊರಾಂಟೊದಲ್ಲಿ ಇಂಥದ್ದೇ ಎರಡನೇ ಬಳಗ ಹುಟ್ಟಿತು. ಕೆನಡಾದ ಜೈಲು ಇಲಾಖೆ ಮತ್ತು ಮೆನೊನೈಟ್ ಸೇವಾ ಸಂಸ್ಥೆ ಸೇರಿ ಇದನ್ನು ಒಂದು ಪದ್ಧತಿಯಾಗಿ ಬೆಳೆಸಿದವು. ಅದರ ಹೆಸರು ಸರ್ಕಲ್ಸ್ ಆಫ್ ಸಪೋರ್ಟ್ ಅಂಡ್ ಅಕೌಂಟಬಿಲಿಟಿ. ಆಸರೆ ಕೊಡುವ, ಜೊತೆಗೆ ಲೆಕ್ಕವನ್ನೂ ಕೇಳುವ ಬಳಗ ಅನ್ನಬಹುದು.

ಕೆಲಸ ನಡೆಯುವುದು ಹೀಗೆ. ನಾಲ್ಕರಿಂದ ಆರೇಳು ಸ್ವಯಂಸೇವಕರು ಒಬ್ಬ ಬಿಡುಗಡೆಯಾದವನ ಸುತ್ತ ಸೇರುತ್ತಾರೆ. ಇವರಿಗೆ ತರಬೇತಿ ಇರುತ್ತದೆ. ಎಲ್ಲರೂ ಒಂದು ಒಪ್ಪಂದಕ್ಕೆ ಸಹಿ ಹಾಕುತ್ತಾರೆ. ಮೊದಲ ತಿಂಗಳುಗಳಲ್ಲಿ ಯಾರಾದರೊಬ್ಬರು ದಿನಾ ಮಾತಾಡಿಸುತ್ತಾರೆ, ವಾರಕ್ಕೊಮ್ಮೆ ಎಲ್ಲರೂ ಕೂರುತ್ತಾರೆ. ಬಾಡಿಗೆ ಮನೆ ಹುಡುಕುವುದು, ಬ್ಯಾಂಕ್ ಖಾತೆ ತೆರೆಸುವುದು, ಡಾಕ್ಟರ್ ಬಳಿ ಕರೆದೊಯ್ಯುವುದು ಆಸರೆಯ ಕಡೆ. ನಿನ್ನೆ ಎಲ್ಲಿದ್ದೆ, ಆ ದಾರಿಯಲ್ಲಿ ಯಾಕೆ ಹೋದೆ, ಆ ಹೆಂಗಸಿನ ಮನೆಯಲ್ಲಿ ಮಕ್ಕಳಿರುವುದು ಗೊತ್ತಾ ಎಂದು ಮುಖಕ್ಕೆ ಮುಖ ಕೊಟ್ಟು ಕೇಳುವುದು ಲೆಕ್ಕದ ಕಡೆ. ಅಪಾಯದ ಸುಳಿವು ಸಿಕ್ಕರೆ ಅಧಿಕಾರಿಗಳಿಗೆ ತಿಳಿಸುತ್ತೇವೆ ಎಂದು ಮೊದಲೇ ಹೇಳಿರುತ್ತಾರೆ. ಇವರ ಹಿಂದೆ ಇನ್ನೊಂದು ಸುತ್ತು ಇರುತ್ತದೆ. ಅದರಲ್ಲಿ ಪೊಲೀಸರು, ಜೈಲಿನ ಹೊರಗಿರುವ ಅಪರಾಧಿಗಳ ಮೇಲೆ ನಿಗಾ ಇಡುವ ಪ್ರೊಬೇಷನ್ ಅಧಿಕಾರಿ, ಮನಶ್ಶಾಸ್ತ್ರಜ್ಞರು ಇರುತ್ತಾರೆ. ಇನ್ನೊಬ್ಬರು ಬಲಿಯಾಗಬಾರದು, ಯಾರನ್ನೂ ಬಿಸಾಡಬಾರದು ಎಂಬ ಎರಡು ಮಾತುಗಳ ಮೇಲೆ ಇಡೀ ಪದ್ಧತಿ ನಿಂತಿದೆ. ಯಾವುದು ಮೊದಲು ಬರುತ್ತದೆ ಅನ್ನುವುದನ್ನು ಗಮನಿಸಬೇಕು. ಇದನ್ನು ಸುಮ್ನೆ ಕರುಣೆಯ ಕೆಲಸ ಅಂದುಕೊಂಡವರು ಆ ಮೊದಲ ಮಾತನ್ನು ಮರೆತಿರುತ್ತಾರೆ.

ಮೇಗನ್‌ಳ ಸಾವಿನ ನಂತರ ಅಮೆರಿಕ ಹಿಡಿದದ್ದು ಇನ್ನೊಂದು ದಾರಿ. 1996ರಲ್ಲಿ ಇಡೀ ದೇಶಕ್ಕೆ ಮೇಗನ್ ಕಾನೂನು ಬಂತು. ಅಪರಾಧಿಗಳ ವಿವರ ಜನರಿಗೆ ಸಿಗುವಂತಾಯಿತು. ಅಲ್ಲಿ ನೆಲೆಸಿದ ಕನ್ನಡಿಗರೂ ಮನೆ ಕೊಳ್ಳುವ ಮುಂಚೆ ಆ ಪಟ್ಟಿಯನ್ನು ನೋಡಬಹುದು. ತಂದೆತಾಯಿಗೆ ಮಾಹಿತಿ ಬೇಕು ಅನ್ನುವುದು ನ್ಯಾಯವೇ. ಆದರೆ ಅದರ ಬೆನ್ನಿಗೇ, ಶಾಲೆ, ಪಾರ್ಕ್, ಶಿಶುವಿಹಾರಗಳಿಂದ ಇಷ್ಟು ಅಡಿ ದೂರದಲ್ಲೇ ಇರಬೇಕು ಎಂಬ ನಿಯಮಗಳು ಬಂದವು. ಅಯೋವಾದಲ್ಲಿ 2,000 ಅಡಿ. ಮಯಾಮಿ-ಡೇಡ್ ಕೌಂಟಿಯಲ್ಲಿ 2,500 ಅಡಿ. ನಗರದ ನಕ್ಷೆಯ ಮೇಲೆ ಈ ವೃತ್ತಗಳನ್ನು ಎಳೆದು ನೋಡಿದರೆ ಬಾಡಿಗೆಗೆ ಉಳಿಯುವ ಜಾಗ ಏನೇನೂ ಸಾಲದು.

ಮಯಾಮಿಯಲ್ಲಿ ಆದದ್ದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಲ್ಲಿ ಸಮುದ್ರದ ಮೇಲೆ ಹಾದುಹೋಗುವ ಜೂಲಿಯಾ ಟಟಲ್ ಸೇತುವೆ ಇದೆ. 2006ರಿಂದ 2010ರವರೆಗೆ ಬಿಡುಗಡೆಯಾದವರು ಅದರ ಕೆಳಗೆ ಟೆಂಟ್, ಹಲಗೆ, ತಗಡುಗಳಲ್ಲಿ ಬದುಕಿದರು. ಕಳ್ಳತನದಲ್ಲಿ ಅಲ್ಲ, ಅಧಿಕಾರಿಗಳಿಗೆ ಗೊತ್ತಿದ್ದೇ. ಕೆಲವರ ಸರ್ಕಾರಿ ಗುರುತಿನ ಚೀಟಿಯಲ್ಲಿ ವಿಳಾಸವೇ ಆ ಸೇತುವೆ. ಕಾಲಿಗೆ ಕಟ್ಟಿದ ಜಿಪಿಎಸ್ ಪಟ್ಟಿಗೆ ಚಾರ್ಜ್ ಮಾಡಲು ಜನರೇಟರ್ ಬೇಕಿತ್ತು. ಸುತ್ತ ಗದ್ದಲ ಎದ್ದ ಮೇಲೆ ಆ ಜಾಗ ಖಾಲಿ ಮಾಡಿಸಿದರು. ನಿಯಮ ಉಳಿಯಿತು, ಮಯಾಮಿಯಲ್ಲಿ ಬೇರೆ ಕಡೆ ಇಂಥ ಬಿಡಾರಗಳು ಮತ್ತೆ ಹುಟ್ಟಿದವು.

ಅಯೋವಾದಲ್ಲಿ ಕಾನೂನು ಜಾರಿಯಾದ ಮೇಲೆ ಎಲ್ಲಿದ್ದಾರೆಂದೇ ಗೊತ್ತಿಲ್ಲದ ಅಪರಾಧಿಗಳ ಸಂಖ್ಯೆ ದುಪ್ಪಟ್ಟಿಗಿಂತ ಜಾಸ್ತಿಯಾಯಿತು. 2006ರಲ್ಲಿ ಅಲ್ಲಿನ ಸರ್ಕಾರಿ ವಕೀಲರ ಸಂಘವೇ ಇದರಿಂದ ಮಕ್ಕಳಿಗೆ ರಕ್ಷಣೆ ಸಿಗುತ್ತಿಲ್ಲ ಎಂದಿತು. ಇದೇ ಅಪರಾಧಿಗಳಿಗೆ ಶಿಕ್ಷೆ ಕೊಡಿಸುವ ವಕೀಲರು ಅವರು. 2009ರಲ್ಲಿ ಅಯೋವಾ ಕಾನೂನನ್ನು ಸಡಿಲ ಮಾಡಿತು. ಮಿನ್ನೆಸೋಟಾದ ಜೈಲು ಇಲಾಖೆ 2007ರಲ್ಲಿ, ಬಿಡುಗಡೆಯಾಗಿ ಮತ್ತೆ ಲೈಂಗಿಕ ಅಪರಾಧ ಮಾಡಿ ಜೈಲಿಗೆ ಬಂದ 224 ಜನರ ಕಡತಗಳನ್ನು ಒಂದೊಂದಾಗಿ ನೋಡಿತು. ದೂರದ ನಿಯಮದಿಂದ ತಪ್ಪಿಸಬಹುದಾಗಿದ್ದ ಒಂದು ಪ್ರಕರಣವೂ ಸಿಗಲಿಲ್ಲ. ಇಂಥವರು ಮಕ್ಕಳನ್ನು ತಲುಪುತ್ತಿದ್ದದ್ದು ಶಾಲೆಯ ಗೇಟಿನ ಬಳಿ ನಿಂತು ಅಲ್ಲ. ಮಗುವಿನ ಅಮ್ಮನದೋ ಮನೆಯವರದೋ ಸ್ನೇಹ ಬೆಳೆಸಿ.

ಇಲ್ಲೇ ಬಳಗದ ಕೆಲಸ ಎದ್ದು ಕಾಣುತ್ತದೆ. ಅವನಿಗೆ ಹೊಸದಾಗಿ ಯಾರ ಸ್ನೇಹವಾಯಿತು ಅನ್ನುವುದನ್ನು ಜಿಪಿಎಸ್ ಹೇಳುವುದಿಲ್ಲ. ವಾರವಾರ ಎದುರು ಕೂತು ಕಾಫಿ ಕುಡಿಯುವವರಿಗೆ ಅದು ಗೊತ್ತಾಗುತ್ತದೆ.

ಮನೆಯ ವಿಷಯದಲ್ಲಿ ಕೊಲರಾಡೊ ಇನ್ನೊಂದು ಪ್ರಯೋಗ ಮಾಡಿತು. ಚಿಕಿತ್ಸೆಯಲ್ಲಿರುವ ಇಬ್ಬರು ಮೂವರು ಅಪರಾಧಿಗಳನ್ನು ಒಂದೇ ಬಾಡಿಗೆ ಮನೆಯಲ್ಲಿ ಇಡುವುದು. ಕೇಳಿದ ಕೂಡಲೇ ಮೇಗನ್‌ಳ ಎದುರು ಮನೆ ನೆನಪಾಗಿ ಎದೆ ಝಲ್ಲೆನ್ನುತ್ತದೆ. ಆದರೆ ಇಲ್ಲಿ ಪ್ರೊಬೇಷನ್ ಅಧಿಕಾರಿ ಮತ್ತು ಚಿಕಿತ್ಸಕರು ಆ ಮನೆಗೆ ಬಂದು ಹೋಗುತ್ತಾರೆ, ಒಬ್ಬ ನಿಯಮ ಮುರಿದರೆ ಉಳಿದವರು ತಿಳಿಸಬೇಕು. 2004ರಲ್ಲಿ ರಾಜ್ಯವೇ ಮಾಡಿದ ಅಧ್ಯಯನದಲ್ಲಿ ಇಂಥ ಮನೆಗಳಲ್ಲಿದ್ದವರು ನಿಯಮ ಮುರಿದದ್ದು ಕಡಿಮೆ, ಮುರಿದಾಗ ಸಿಕ್ಕಿಬಿದ್ದದ್ದು ಬೇಗ ಎಂದು ಕಂಡುಬಂತು.

ಬ್ರಿಟನ್ ಕೂಡ ಉರಿದೇ ಕಲಿತದ್ದು. 2000ದಲ್ಲಿ ಎಂಟು ವರ್ಷದ ಸಾರಾ ಪೇಯ್ನ್ ಕೊಲೆಯಾದ ಮೇಲೆ ಒಂದು ಪತ್ರಿಕೆ ಅಪರಾಧಿಗಳ ಹೆಸರು, ಫೋಟೋ ಛಾಪಿಸಿತು. ಪೋರ್ಟ್ಸ್‌ಮತ್‌ನ ಪಾಲ್ಸ್‌ಗ್ರೋವ್‌ನಲ್ಲಿ ಗಲಭೆಯಾಯಿತು. ಏನೂ ಮಾಡದವರ ಮನೆಗಳ ಮೇಲೂ ದಾಳಿಯಾಯಿತು. ಮುಂದಿನ ವರ್ಷವೇ ಪೊಲೀಸ್ ಮತ್ತು ಪ್ರೊಬೇಷನ್ ಇಲಾಖೆಗಳು ಪ್ರತಿ ಅಪರಾಧಿಯ ಬಗ್ಗೆ ಒಟ್ಟಿಗೆ ಕೂತು ತೀರ್ಮಾನಿಸುವ ಮಾಪಾ ಎಂಬ ವ್ಯವಸ್ಥೆ ಬಂತು. ಆಮೇಲೆ ಜೈಲು ಇಲಾಖೆಯೂ ಅದರಲ್ಲಿ ಸೇರಿತು, ಮನೆ ಕೊಡುವ ಸಂಸ್ಥೆಗಳಿಗೂ ಸಹಕರಿಸುವ ಹೊಣೆ ಬಿತ್ತು. 2002ರಲ್ಲಿ ಕ್ವೇಕರ್ ಪಂಥದವರ ಮುತುವರ್ಜಿಯಿಂದ ಥೇಮ್ಸ್ ಕಣಿವೆ ಪ್ರದೇಶದಲ್ಲಿ ಕೆನಡಾದ ಮಾದರಿಯ ಬಳಗಗಳು ಶುರುವಾದವು.

ಇದರಿಂದ ಫಲ ಸಿಕ್ಕಿದೆಯೇ? ಕೆನಡಾದ ಮೊದಲ ಅಧ್ಯಯನಗಳಲ್ಲಿ ಒಂದು, ಬಳಗದಲ್ಲಿದ್ದ 44 ಜನರನ್ನು ಬಳಗವಿಲ್ಲದ 44 ಜನರ ಜೊತೆ ಹೋಲಿಸಿ, ಲೈಂಗಿಕ ಅಪರಾಧ ಶೇ. 83ರಷ್ಟು ಕಡಿಮೆ ಎಂದಿತು. ಬದಲಾಗುವ ಮನಸ್ಸಿದ್ದವರೇ ಬಳಗ ಸೇರಿರಬಹುದು ಎಂಬ ಆಕ್ಷೇಪ ಬಂತು. ಅದು ಸರಿಯಾದ ಆಕ್ಷೇಪವೇ. ಮಿನ್ನೆಸೋಟಾ 2008ರಲ್ಲಿ ಇಂಥ ಬಳಗಗಳನ್ನು ಶುರು ಮಾಡಿದಾಗ, ಒಪ್ಪಿ ಬಂದವರಲ್ಲೇ ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿತು. 2018ರಲ್ಲಿ ಬಂದ ಫಲಿತಾಂಶದಲ್ಲಿ ಲೈಂಗಿಕ ಅಪರಾಧಕ್ಕೆ ಮತ್ತೆ ಬಂಧನವಾಗುವ ಅಪಾಯ ಶೇ. 88ರಷ್ಟು ಕಡಿಮೆಯಿತ್ತು. ಸಂಖ್ಯೆ ಸಣ್ಣದು, ಗುಂಪಿಗೆ 50 ಜನ. ಹಾಗಿದ್ದೂ ಇಷ್ಟು ಗಟ್ಟಿಯಾದ ಪರೀಕ್ಷೆ ಅಡಿಗಳ ನಿಯಮಕ್ಕೆ ಎಂದೂ ಆಗಿಲ್ಲ. ಬೇಸರದ ಸಂಗತಿ ಅಂದರೆ, ಈ ಪದ್ಧತಿ ಹುಟ್ಟಿದ ಕೆನಡಾದಲ್ಲೇ 2015ರ ಹೊತ್ತಿಗೆ ಕೇಂದ್ರ ಸರ್ಕಾರ ಹಣ ನಿಲ್ಲಿಸಿತು. 2017ರಲ್ಲಿ ಮತ್ತೆ ಕೊಡಲು ಶುರು ಮಾಡಿತು.

ಭಾರತದಲ್ಲಿ 2018ರ ಸೆಪ್ಟೆಂಬರ್‌ನಲ್ಲಿ ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ದತ್ತಾಂಶ ಪಟ್ಟಿ ಬಂತು. ಆಗಲೇ ಅದರಲ್ಲಿ 4.4 ಲಕ್ಷ ಹೆಸರುಗಳಿದ್ದವು. ಅದನ್ನು ಪೊಲೀಸರು ಮತ್ತು ತನಿಖಾ ಸಂಸ್ಥೆಗಳು ಮಾತ್ರ ನೋಡಬಹುದು. ಅಮೆರಿಕದ ಹಾಗೆ ಬೀದಿಗೆ ತರದೇ ಇದ್ದದ್ದು ಒಳ್ಳೆಯದು ಎಂದೇ ನನ್ನ ಅಭಿಪ್ರಾಯ. ನಮ್ಮಲ್ಲಿ ಅತ್ಯಾಚಾರದ ಪ್ರಕರಣಗಳಲ್ಲಿ ಶೇ. 90ಕ್ಕಿಂತ ಜಾಸ್ತಿ ಆರೋಪಿಗಳು ಪರಿಚಯದವರು. ನೆಂಟ, ಪಕ್ಕದ ಮನೆಯವನು, ಕೆಲಸ ಕೊಟ್ಟವನು. ಹೆಸರು ಬಯಲಾದರೆ ಎಷ್ಟೋ ಸಲ ಮಗುವಿನ ಗುರುತೂ ಬಯಲಾಗುತ್ತದೆ. ಆದರೆ ಶಿಕ್ಷೆ ಮುಗಿಸಿದವನು ಮರಳುವುದೂ ಅದೇ ಊರಿಗೆ, ಅದೇ ಕೇರಿಗೆ. ಪೋಕ್ಸೊ ನಿಯಮದ ಪ್ರಕಾರ ಮಗುವಿಗೆ ಕೊಡುವ ಸಹಾಯಕ ವ್ಯಕ್ತಿಯ ಕೆಲಸ ತನಿಖೆ ಮತ್ತು ವಿಚಾರಣೆಗೆ ಸಂಬಂಧಿಸಿದ್ದು. ಅವನು ಹೊರಬರುವ ದಿನದ ಹೊತ್ತಿಗೆ ಆ ಮಗು ಕಾಲೇಜಿಗೆ ಹೋಗುತ್ತಿರಬಹುದು.

ಇಂಗ್ಲೆಂಡ್‌ನಲ್ಲಿ ಗಂಭೀರ ಲೈಂಗಿಕ ಅಪರಾಧಕ್ಕೆ ಒಂದು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಶಿಕ್ಷೆಯಾದರೆ, ನೊಂದವರನ್ನು ಪ್ರೊಬೇಷನ್ ಇಲಾಖೆ ಸಂಪರ್ಕಿಸಬೇಕು. ಬಯಸಿದವರಿಗೆ ಬಿಡುಗಡೆಯ ಸುದ್ದಿ ಮೊದಲೇ ಸಿಗುತ್ತದೆ. ನನ್ನ ಬೀದಿಗೆ, ನನ್ನ ಕಾಲೇಜಿನ ಕಡೆಗೆ ಅವನು ಬರಬಾರದು ಎಂಬ ಷರತ್ತನ್ನು ಅವರು ಕೇಳಬಹುದು. ಇದಕ್ಕೆ ದೊಡ್ಡ ಸಂಸ್ಥೆ ಬೇಕಿಲ್ಲ. ಜೈಲಿನಿಂದ ಹೊರಡುವ ಒಂದು ಪತ್ರ, ಅದನ್ನು ಹಿಡಿದು ಆ ಮನೆಗೆ ಹೋಗಿ ಕೂತು ಮಾತಾಡುವ ಒಬ್ಬ ಪ್ರೊಬೇಷನ್ ಅಧಿಕಾರಿ ಸಾಕು. ಕರ್ನಾಟಕ ಶುರು ಮಾಡುವುದಾದರೆ ಇಲ್ಲಿಂದಲೇ ಶುರು ಮಾಡಬಹುದು. ಅವನಿಗೆ ಮನೆ ಎಲ್ಲಿ, ಜೊತೆಗೆ ಯಾರು ಎಂಬ ಮಾತು ಆ ಹುಡುಗಿಯನ್ನು ಕೇಳಿದ ಮೇಲೆ ಬರಲಿ.